ತಂತ್ರಾಂಶದಿಂದ ತಂತ್ರಾಂಶಕ್ಕೆ: ಬಣ್ಣ ಕೆಡದಂತೆ ಕಾಯುವ ಬಗೆ

ವ್ಯಾಪಾರದಲ್ಲಿ ಸರಕಿನ ಗುಣಮಟ್ಟದಷ್ಟೇ ಅದರ ಗುರುತೂ ಮುಖ್ಯವಾದುದು. ಶೇಂಗಾ ಎಣ್ಣೆಯ ಪೊಟ್ಟಣ, ಹಿರಿಯೂರು ಹೊಸದುರ್ಗಗಳ ದಾಳಿಂಬೆಯ ರಟ್ಟಿನ ಪೆಟ್ಟಿಗೆ, ಹೊಳಲ್ಕೆರೆಯ ಅಡಿಕೆಯ ಚೀಲ, ಮೊಳಕಾಲ್ಮೂರು ರೇಷ್ಮೆ ಸೀರೆಯ ಪರಿಚಯ ಪತ್ರ, ಇವುಗಳನ್ನು ಗ್ರಾಹಕನು ಅಕ್ಷರ ಓದುವ ಮೊದಲೇ ಬಣ್ಣದಿಂದ ಗುರುತಿಸುತ್ತಾನೆ. ಒಂದೇ ಲಾಂಛನದ ಕೆಂಪು ಒಂದು ಸಲ ಕುಂಕುಮದಂತೆಯೂ ಮುಂದಿನ ಸಲ ಇಟ್ಟಿಗೆಯಂತೆಯೂ ಅಚ್ಚಾದರೆ, ಸರಕೇ ನಕಲಿಯೋ ಎಂಬ ಶಂಕೆ ಅವನಲ್ಲಿ ಮೂಡುವುದು ಸಹಜ. ಇಂತಹ ಸಂದರ್ಭದಲ್ಲಿ ಮುದ್ರಕನನ್ನೋ ಶಾಯಿಯನ್ನೋ ದೂರುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವು ಅಚ್ಚಿನ ಯಂತ್ರಕ್ಕೆ ಮುಂಚೆಯೇ, ವಿನ್ಯಾಸವು ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ದಾಟುವಾಗ ಉಂಟಾಗಿರುತ್ತದೆ. ಅದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಅಂಕಿ ಬೇರೆ, ಬಣ್ಣ ಬೇರೆ

ಗಣಕದ ಪರದೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿಂದ ಬಣ್ಣವನ್ನು ತೋರಿಸುತ್ತದೆ, ಇದು ಆರ್‌ಜಿಬಿ. ಅಚ್ಚಿನ ಯಂತ್ರವು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು ಬಳಸುತ್ತದೆ, ಇದು ಸಿಎಂವೈಕೆ. ಕಡತದಲ್ಲಿರುವುದು ಬಣ್ಣವಲ್ಲ, ಅಂಕಿ ಮಾತ್ರ. ಹಿಂದೆ ಸೇರಿನ ಅಳತೆ ಊರಿಂದ ಊರಿಗೆ ಬೇರೆಯಾಗಿದ್ದಾಗ ‘ಎರಡು ಸೇರು’ ಎಂದರೆ ಸಾಲುತ್ತಿರಲಿಲ್ಲ. ಯಾವ ಊರಿನ ಸೇರು ಎಂದು ಕೇಳಬೇಕಾಗಿತ್ತು. ಬಣ್ಣದ ಅಂಕಿಯೂ ಹಾಗೆಯೇ. ಅದು ಯಾವ ಅಳತೆಗೆ ಸೇರಿದ್ದೆಂದು ತಿಳಿಸುವ ಪತ್ರವೇ ಪ್ರೊಫೈಲ್. ಅಡೋಬಿ, ಆಪಲ್, ಮೈಕ್ರೋಸಾಫ್ಟ್, ಕೊಡ್ಯಾಕ್ ಮೊದಲಾದ ಎಂಟು ಸಂಸ್ಥೆಗಳು 1993ರಲ್ಲಿ ಸ್ಥಾಪಿಸಿದ ಐಸಿಸಿ ಒಕ್ಕೂಟವು ಈ ಪತ್ರಕ್ಕೆ ಸಾಮಾನ್ಯ ರೂಪವೊಂದನ್ನು ಕೊಟ್ಟಿತು. ಪ್ರೊಫೈಲ್ ಇಲ್ಲದ ಕಡತವನ್ನು ತೆರೆದಾಗ ಪ್ರತಿ ತಂತ್ರಾಂಶವೂ ತನ್ನದೇ ಸೇರಿನಿಂದ ಅಳೆಯುತ್ತದೆ. ಬಣ್ಣ ಬದಲಾಗುವುದು ಅಲ್ಲಿಯೇ.

ಒಂದು ಮಾದರಿ

ಬಣ್ಣವನ್ನು ಹೆಸರಿನಿಂದಲ್ಲದೆ ಅಳತೆಯಿಂದ ನಿಗದಿಪಡಿಸುವುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ತಯಾರಾಗುವ ಖಾದಿಯ ರಾಷ್ಟ್ರಧ್ವಜವು ಭಾರತೀಯ ಮಾನಕವಾದ ಐಎಸ್ 1ಕ್ಕೆ ಒಳಪಟ್ಟಿದೆ. 1968ರಲ್ಲಿ ತಿದ್ದುಪಡಿಯಾದ ಆ ಮಾನಕವು ‘ಕೇಸರಿ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ನಿಗದಿತ ಬೆಳಕಿನಲ್ಲಿ ಎಕ್ಸ್ 0.538, ವೈ 0.360, ಹೊಳಪು 21.5 ಎಂದು ಅಳತೆ ಕೊಡುತ್ತದೆ. ಈ ಅಳತೆಯು 1931ರ ಸಿಐಇ ಪದ್ಧತಿಯದು. ಐಸಿಸಿ ಪ್ರೊಫೈಲ್‌ಗಳ ತಳಹದಿಯೂ ಅದೇ.

ಎಲ್ಲೆಲ್ಲಿ ತಪ್ಪುತ್ತದೆ?

1. ಮಿಶ್ರ ಕಡತ: ಕೋರಲ್ ಡ್ರಾ ಒಂದೇ ಪುಟದಲ್ಲಿ ಆರ್‌ಜಿಬಿ ಮತ್ತು ಸಿಎಂವೈಕೆ ಎರಡೂ ಬಗೆಯ ಆಕೃತಿಗಳನ್ನು ಇರಿಸಿಕೊಳ್ಳಬಲ್ಲದು. ಇಲಸ್ಟ್ರೇಟರ್ ಕಡತಕ್ಕೆ ಒಂದೇ ಪದ್ಧತಿ. ಆದ್ದರಿಂದ ಅಲ್ಲಿಗೆ ದಾಟುವಾಗ ಒಂದು ಭಾಗವು ಪರಿವರ್ತನೆಗೊಳ್ಳಲೇಬೇಕು.

2. ಪರದೆಯ ಬಣ್ಣ: ಪರದೆ ತೋರುವ ಕೆಲವು ಬಣ್ಣಗಳು ಶಾಯಿಗೆ ಎಟುಕುವುದಿಲ್ಲ. ಫೋಟೋಶಾಪ್‌ನಲ್ಲಿ ಅಮೆರಿಕದ ಸ್ವಾಪ್ ಪ್ರೊಫೈಲ್ ಇದ್ದರೆ, ಪರದೆಯ ಶುದ್ಧ ನೀಲಿಯು ಸಯಾನ್ 88, ಮೆಜೆಂಟಾ 77 ಎಂದಾಗಿ ನೇರಳೆಯತ್ತ ವಾಲುತ್ತದೆ.

3. ಕಪ್ಪು ಅಕ್ಷರ: ಅದೇ ಪ್ರೊಫೈಲ್‌ನಲ್ಲಿ ಆರ್‌ಜಿಬಿ ಕಪ್ಪು 75, 68, 67, 90 ಎಂದು ನಾಲ್ಕು ಶಾಯಿಗಳಾಗಿ ಒಡೆಯುತ್ತದೆ, ಒಟ್ಟು 300 ಪ್ರತಿಶತ. ನಾಲ್ಕು ಅಚ್ಚುಗಳು ಕೂದಲೆಳೆಯಷ್ಟು ಸರಿದರೂ ಕನ್ನಡದ ಒತ್ತಕ್ಷರ, ಗುಡಿಸು, ಕೊಂಬುಗಳು ಮಸುಕಾಗುತ್ತವೆ. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿ ಮಾತ್ರ 100 ಇರತಕ್ಕದ್ದು.

4. ವಿಶೇಷ ಶಾಯಿಯ ಹೆಸರು: ಒಂದೇ ಪ್ಯಾಂಟೋನ್ ಶಾಯಿಯು ಹಳೆಯ ಕಡತದಲ್ಲಿ ‘185 ಸಿವಿಸಿ’ ಎಂದೂ ಹೊಸದರಲ್ಲಿ ‘185 ಸಿ’ ಎಂದೂ ಇದ್ದರೆ, ಪುಟವಿನ್ಯಾಸ ತಂತ್ರಾಂಶವು ಅವನ್ನು ಎರಡು ಶಾಯಿಗಳೆಂದೇ ಎಣಿಸಿ ಎರಡು ಪ್ಲೇಟ್ ಹೊರಡಿಸುತ್ತದೆ. 2022ರಲ್ಲಿ ಅಡೋಬಿ ತಂತ್ರಾಂಶಗಳಿಂದ ಬಹುತೇಕ ಪ್ಯಾಂಟೋನ್ ಪಟ್ಟಿಗಳು ಹೊರಗಾದ ಮೇಲಂತೂ ಹಳೆಯ ಕಡತಗಳಲ್ಲಿ ಈ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಅನುಸರಿಸಬೇಕಾದ ಕ್ರಮ

ಮೊದಲು ಮುದ್ರಕರಿಂದ ಅವರ ಯಂತ್ರ ಮತ್ತು ಕಾಗದಕ್ಕೆ ತಕ್ಕ ಪ್ರೊಫೈಲ್ ಯಾವುದೆಂದು ಕೇಳಿ ತಿಳಿಯಬೇಕು. ಕರಪತ್ರವು ಸಾಮಾನ್ಯವಾಗಿ ಆಫ್‌ಸೆಟ್‌ನಲ್ಲಿಯೂ ಎಣ್ಣೆಯ ಪೊಟ್ಟಣವು ಗ್ರೇವ್ಯೂರ್ ಅಥವಾ ಫ್ಲೆಕ್ಸೋದಲ್ಲಿಯೂ ಅಚ್ಚಾಗುವುದರಿಂದ ಒಂದರ ಪ್ರೊಫೈಲ್ ಮತ್ತೊಂದಕ್ಕೆ ಸಲ್ಲದು.

ಬಳಿಕ ಎಲ್ಲ ತಂತ್ರಾಂಶಗಳಲ್ಲಿಯೂ ಅದೇ ಪ್ರೊಫೈಲನ್ನು ಇಡಬೇಕು. ಕೋರಲ್ ಡ್ರಾದಲ್ಲಿ 2010ರ ಎಕ್ಸ್5 ಆವೃತ್ತಿಯಿಂದ ಪ್ರತಿ ಕಡತಕ್ಕೂ ಪ್ರತ್ಯೇಕ ಬಣ್ಣದ ವ್ಯವಸ್ಥೆ ದೊರೆತಿದೆ. ಅಡೋಬಿ ತಂತ್ರಾಂಶಗಳಲ್ಲಿ ಇದು ‘ಕಲರ್ ಸೆಟ್ಟಿಂಗ್ಸ್’ ಎಂಬಲ್ಲಿದೆ.

‘ಅಸೈನ್’ ಮತ್ತು ‘ಕನ್ವರ್ಟ್’ ಎಂಬ ಎರಡು ಆಜ್ಞೆಗಳ ಭೇದವನ್ನು ಚೆನ್ನಾಗಿ ಅರಿಯಬೇಕು. ಮೊದಲನೆಯದು ಅಂಕಿಗಳನ್ನು ಹಾಗೆಯೇ ಬಿಟ್ಟು ಅಳತೆಯ ಪತ್ರವನ್ನಷ್ಟೇ ಬದಲಿಸುತ್ತದೆ. ಆದ್ದರಿಂದ ತೋರುವ ಬಣ್ಣ ಬದಲಾಗುತ್ತದೆ. ಎರಡನೆಯದು ಬಣ್ಣವನ್ನು ಸಾಧ್ಯವಾದಷ್ಟೂ ಉಳಿಸಿ ಅಂಕಿಗಳನ್ನು ಬದಲಿಸುತ್ತದೆ. ಸೇರನ್ನು ಕಿಲೋ ಎಂದು ಕರೆಯುವುದಕ್ಕೂ ಸೇರನ್ನು ಕಿಲೋಗೆ ಲೆಕ್ಕ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇದು.

ಛಾಯಾಚಿತ್ರಗಳನ್ನು ಕೊನೆಯವರೆಗೂ ಪ್ರೊಫೈಲ್ ಸಹಿತ ಆರ್‌ಜಿಬಿಯಲ್ಲಿಯೇ ಇರಿಸಿ ಒಂದೇ ಸಲ ಪರಿವರ್ತಿಸುವುದು ಲೇಸು; ಅತ್ತಿಂದಿತ್ತ ದಾಟಿಸಿದಷ್ಟೂ ಬಣ್ಣ ಸೊರಗುತ್ತದೆ. ಲಾಂಛನದ ಬಣ್ಣವನ್ನಾದರೋ ಮೊದಲಿನಿಂದಲೂ ಸಿಎಂವೈಕೆ ಅಂಕಿಗಳಲ್ಲಿ ಅಥವಾ ವಿಶೇಷ ಶಾಯಿಯಾಗಿ ನಿಗದಿಪಡಿಸಬೇಕು. ಪೇಜ್‌ಮೇಕರ್ ಕಾಲದ ಹಳೆಯ ಕಡತಗಳನ್ನು ತೆರೆದಾಗ ಪ್ರತಿ ಬಣ್ಣವನ್ನೂ ಮರುಪರಿಶೀಲಿಸುವುದು ಅಗತ್ಯ.

ಮುದ್ರಕರಿಗೆ ಮೂಲ ಕಡತದ ಬದಲು ಪಿಡಿಎಫ್/ಎಕ್ಸ್ ರೂಪವನ್ನು ಕೊಡುವುದು ಕ್ಷೇಮ. ಎಕ್ಸ್-1ಎ ರೂಪದಲ್ಲಿ ಆರ್‌ಜಿಬಿಗೆ ಎಡೆಯಿಲ್ಲ. ಎಕ್ಸ್-4 ರೂಪವು ಪ್ರೊಫೈಲ್ ಸಹಿತವಾದ ಆರ್‌ಜಿಬಿಯನ್ನೂ ಒಪ್ಪುತ್ತದೆ. ಯಾವುದು ಬೇಕೆಂಬುದನ್ನು ಮುದ್ರಕರೇ ತಿಳಿಸಲಿ.

ವರ್ತಕರು ಮಾಡಬೇಕಾದುದು

ಈ ತಾಂತ್ರಿಕ ಕೆಲಸವನ್ನು ವಿನ್ಯಾಸಕಾರರು ನೋಡಿಕೊಳ್ಳುವರಾದರೂ ಮೂರು ಸಂಗತಿಗಳು ಸರಕಿನ ಒಡೆಯರ ಕೈಯಲ್ಲಿಯೇ ಇರಬೇಕು. ಒಂದು, ಲಾಂಛನದ ಮೂಲ ಕಡತ ಮತ್ತು ಅದರ ಬಣ್ಣದ ಅಂಕಿಗಳನ್ನೂ ಪ್ರೊಫೈಲ್ ಹೆಸರನ್ನೂ ಬರೆದಿಟ್ಟ ಒಂದು ಹಾಳೆ. ಎರಡು, ತಾವು ಒಪ್ಪಿ ಸಹಿ ಮಾಡಿದ ಅಚ್ಚಿನ ಮಾದರಿ. ಇದನ್ನು ಬಿಸಿಲು ತಾಗದಂತೆ ಇರಿಸಬೇಕು. ಮೂರು, ಪ್ರತಿ ಹೊಸ ಕಂತಿನ ಮೊದಲ ಹಾಳೆಗಳನ್ನು ಆ ಮಾದರಿಯೊಡನೆ ಒಂದೇ ಬೆಳಕಿನಲ್ಲಿ ಹೋಲಿಸುವ ಅಭ್ಯಾಸ. ಗಣಕದ ಅಥವಾ ಮೊಬೈಲಿನ ಪರದೆಯನ್ನು ನೋಡಿ ಬಣ್ಣಕ್ಕೆ ಒಪ್ಪಿಗೆ ಕೊಡುವುದು ಸರ್ವಥಾ ಸಲ್ಲದು.

ತೂಕ ಅಳತೆಗಳಲ್ಲಿ ನಿಖರತೆಯನ್ನು ಕಾಯುವ ವರ್ತಕರಿಗೆ ಈ ಶಿಸ್ತು ಹೊಸದೇನಲ್ಲ. ಮುಂದಿನ ಕಂತಿನ ಅಚ್ಚಿಗೆ ಕಡತ ಕಳುಹಿಸುವ ಮೊದಲು ವಿನ್ಯಾಸಕಾರರನ್ನೂ ಮುದ್ರಕರನ್ನೂ ಒಂದೇ ಪ್ರಶ್ನೆ ಕೇಳಿದರೆ ಸಾಕು: ನಿಮ್ಮಿಬ್ಬರ ಪ್ರೊಫೈಲ್ ಒಂದೇ ಆಗಿದೆಯೇ? ಉತ್ತರ ಹೌದೆಂದಾದ ಮೇಲೆಯೇ ಪ್ಲೇಟ್ ತೆಗೆಸುವುದು ಒಳಿತು.