ಹಾರ್ಮೋನಿಯಮ್ಮಿನಲ್ಲಿ ಮೂರೂವರೆ ಮನೆ ಏಕಿಲ್ಲ?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಾವು ವಾಸಿಸುವಲ್ಲಿಂದ ಎರಡು ಮನೆಗಳಾಚೆ ಇಬ್ಬರು ಅಕ್ಕತಂಗಿಯರಿದ್ದಾರೆ. ತಂಗಿ ಹಾಡುತ್ತಾಳೆ, ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ಅಕ್ಕ ಹಾರ್ಮೋನಿಯಂ ನುಡಿಸುತ್ತಾಳೆ. ಕಳೆದ ನವರಾತ್ರಿಯಲ್ಲಿ ಇಬ್ಬರೂ ಸೇರಿ ಒಂದು ಸಣ್ಣ ಕಛೇರಿಗೆ ಸಿದ್ಧರಾಗುತ್ತಿದ್ದರು. ತಂಗಿಯ ಶ್ರುತಿ ಐದೂವರೆ ಮನೆ. ಎರಡು ದಿನ ಮುಂಚೆ ಅವಳಿಗೆ ನೆಗಡಿಯಾಗಿ ಶ್ರುತಿಯನ್ನು ಐದು ಮನೆಗೆ ಇಳಿಸಬೇಕಾಯಿತು. ಕೇವಲ ಅರ್ಧ ಮನೆ! ಆದರೆ ಅಷ್ಟಕ್ಕೇ ಅಕ್ಕನ ಬೆರಳುಗಳು ದಾರಿ ತಪ್ಪಿದವು. ತಿಂಗಳುಗಟ್ಟಲೆ ಸಾಧಿಸಿದ ಕೃತಿಯ ಮೊದಲ ಸಾಲಿನಲ್ಲಿಯೇ ತಡವರಿಸಿದಳು. ‘ಅಭ್ಯಾಸ ಸಾಲದು’ ಎಂದು ತಾಯಿ ಗದರಿದರು. ಹುಡುಗಿ ಪೆಟ್ಟಿಗೆಯನ್ನು ಮುಚ್ಚಿ, ‘ನಾನು ನುಡಿಸುವುದೇ ಇಲ್ಲ’ ಎಂದುಬಿಟ್ಟಳು. ಅಲ್ಲಿ ಕುಳಿತಿದ್ದ ನಮಗೆ, ಈ ತಪ್ಪು ಹುಡುಗಿಯದೋ ಅಥವಾ ಅವಳ ಮುಂದಿದ್ದ ಹಲಗೆಯದೋ ಎಂಬ ಸಂಶಯ ಹುಟ್ಟಿತು. ಆ ಸಂಶಯದ ಪರಿಹಾರವೇ ಈ ಲೇಖನ. (ಮುಂದೆ ‘ಮನೆ’ ಎಂದಾಗಲೆಲ್ಲ ಹಾರ್ಮೋನಿಯಮ್ಮಿನ ಮನೆಯೆಂದೇ ವಾಚಕರು ತಿಳಿಯತಕ್ಕದ್ದು.)

ನಮ್ಮ ಸಂಗೀತಗಾರರು ಬಿಳಿಯ ಮನೆಗಳನ್ನು ಒಂದು, ಎರಡು, ಮೂರು ಎಂದು ಏಳರವರೆಗೆ ಎಣಿಸುತ್ತಾರೆ. ನಡುವೆ ಬರುವ ಕಪ್ಪು ಮನೆಗಳು ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಈ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಮೂರೂವರೆ ಇಲ್ಲ, ಏಳೂವರೆಯೂ ಇಲ್ಲ. ಒಂದರಿಂದ ಎರಡಕ್ಕೆ ಹೋಗಲು ಎರಡು ಮೆಟ್ಟಿಲು ಹತ್ತಬೇಕು, ಮೂರರಿಂದ ನಾಲ್ಕಕ್ಕೆ ಒಂದೇ ಮೆಟ್ಟಿಲು. ಸವಳಂಗದ ಕಡೆಗೆ ಹೊರಟ ಪ್ರಯಾಣಿಕನಿಗೆ ಕೆಲವು ಕಿಲೋಮೀಟರು ಕಲ್ಲುಗಳ ನಡುವೆ ಒಂದು ಕಿಲೋಮೀಟರೂ ಮತ್ತೆ ಕೆಲವುಗಳ ನಡುವೆ ಅರ್ಧವೂ ಅಂತರವಿದ್ದರೆ ಹೇಗಾದೀತು? ಕಲ್ಲುಗಳನ್ನೆಣಿಸಿ ದೂರ ಹೇಳುವುದು ಅವನಿಗೆ ಸಾಧ್ಯವಾಗದು. ಎಲ್ಲಿಂದ ಹೊರಟೆನೆಂಬುದನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಹಾರ್ಮೋನಿಯಂ ನುಡಿಸುವವರ ಪಾಡು ಇದೇ.

ಆದರೆ ನಾದದಲ್ಲಿ ಈ ಅಸಮತೆಯಿಲ್ಲ. ಸ್ಥಾಯಿಯ ಮೇಲಿನ ಷಡ್ಜದ ಕಂಪನಸಂಖ್ಯೆ ಕೆಳಗಿನದರ ಎರಡರಷ್ಟು. ಇಂದಿನ ಹಾರ್ಮೋನಿಯಮ್ಮಿನಲ್ಲಿ ಈ ಅಂತರವನ್ನು ಹನ್ನೆರಡು ಸಮಾನ ಮೆಟ್ಟಿಲುಗಳಾಗಿ ವಿಭಾಗಿಸಿರುತ್ತಾರೆ. ಸಮಾನವೆಂದರೆ ಕೂಡುವುದರಲ್ಲಿ ಅಲ್ಲ, ಗುಣಿಸುವುದರಲ್ಲಿ: ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕಂಪನಸಂಖ್ಯೆ ಸುಮಾರು 1.0595ರಿಂದ ಗುಣಿಸಲ್ಪಡುತ್ತದೆ, ಹನ್ನೆರಡು ಬಾರಿ ಹಾಗೆ ಗುಣಿಸಿದರೆ 2 ಬರುತ್ತದೆ. ಆದುದರಿಂದ ಯಾವ ಮೆಟ್ಟಿಲಿನಿಂದ ಹೊರಟರೂ ಏಳು ಮೆಟ್ಟಿಲು ಏರಿದರೆ ಪಂಚಮವೇ ಸಿಗುತ್ತದೆ. ಕಿವಿಗೆ ಎಲ್ಲ ಮನೆಗಳೂ ಒಂದೇ, ಕೈಗೆ ಮಾತ್ರ ಬೇರೆ ಬೇರೆ.

ಸರಳೆವರಸೆಯ ರಾಗವಾದ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳೋಣ. ಈ ರಾಗದಲ್ಲಿ ಪಾಠವನ್ನು ಆರಂಭಿಸುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಸಂಪ್ರದಾಯ. (ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೇ ದಾಸರ ಹುಟ್ಟೂರೆಂಬ ವಾದವೂ ಉಂಟು.) ಷಡ್ಜವನ್ನು ಸೊನ್ನೆ ಎಂದಿಟ್ಟುಕೊಂಡರೆ ಇದರ ಸ್ವರಗಳು 0, 1, 4, 5, 7, 8, 11ನೆಯ ಮೆಟ್ಟಿಲುಗಳಲ್ಲಿವೆ. ಐದೂವರೆ ಮನೆಯನ್ನು ಷಡ್ಜ ಮಾಡಿದಾಗ ಮನೆಗಳ ಬಣ್ಣ ಕ್ರಮವಾಗಿ ಕಪ್ಪು, ಬಿಳಿ, ಬಿಳಿ, ಕಪ್ಪು, ಕಪ್ಪು, ಬಿಳಿ, ಬಿಳಿ. ಐದು ಮನೆಗೆ ಇಳಿಸಿದೊಡನೆ ಬಿಳಿ, ಕಪ್ಪು, ಬಿಳಿ, ಬಿಳಿ, ಬಿಳಿ, ಕಪ್ಪು, ಕಪ್ಪು. ಏಳು ಸ್ವರಗಳಲ್ಲಿ ಆರು ಬಣ್ಣ ಬದಲಾಯಿಸಿದವು! ಗಾಂಧಾರವೊಂದೇ ಮೊದಲಿನಂತೆ ಬಿಳಿಯಾಗಿ ಉಳಿಯಿತು. ನಮ್ಮ ಅಕ್ಕ ತಡವರಿಸಿದ್ದರಲ್ಲಿ ಆಶ್ಚರ್ಯವೇನು? ಎಪ್ಪತ್ತೆರಡು ಮೇಳಗಳನ್ನು ಹನ್ನೆರಡು ಶ್ರುತಿಗಳಲ್ಲಿ ನುಡಿಸಬೇಕೆಂದು ಹೊರಟವನು 864 ಬೆರಳುದಾರಿಗಳನ್ನು ಕಲಿಯಬೇಕಾಗುತ್ತದೆ. ಹಾಡುವವನಿಗಾದರೋ ಎಪ್ಪತ್ತೆರಡೇ ಸಾಕು. ಏಕೆಂದರೆ ನಮ್ಮ ‘ಸ’ ಎಂಬುದು ಒಂದು ನಿಶ್ಚಿತ ಕಂಪನಸಂಖ್ಯೆಯ ಹೆಸರಲ್ಲ, ಹಾಡುವವನು ನಿಂತ ನೆಲೆಯ ಹೆಸರು.

ಹಲಗೆ ಹೀಗೇಕೆ ಆಯಿತು? ಯಾರೂ ಕುಳಿತು ಯೋಚಿಸಿ ಹೀಗೆ ಮಾಡಲಿಲ್ಲ. ಯೂರೋಪಿನ ಚರ್ಚುಗಳ ಆರ್ಗನ್ನಿನಲ್ಲಿ ಮೊದಲು ಏಳು ಸ್ವರಗಳ ಮನೆಗಳಷ್ಟೇ ಇದ್ದವು. ಬೇಕಾದಂತೆಲ್ಲ ನಡುನಡುವೆ ಹೊಸ ಮನೆಗಳನ್ನು ತುರುಕಿದರು. ಜರ್ಮನಿಯ ಹಾಲ್ಬರ್‌ಷ್ಟಾಟ್ ಎಂಬ ಊರಿನಲ್ಲಿ 1361ರಲ್ಲಿ ಸಿದ್ಧವಾದ ಆರ್ಗನ್ನಿನ ವೇಳೆಗೆ ಹನ್ನೆರಡೂ ಬಂದಿದ್ದವು. ಪ್ಯಾರಿಸಿನ ದೆಬೆನ್ 1842ರಲ್ಲಿ ಹಾರ್ಮೋನಿಯಮ್ಮಿಗೆ ಪೇಟೆಂಟು ಪಡೆದಾಗ ಅದೇ ಹಲಗೆಯನ್ನು ಇಟ್ಟುಕೊಂಡ. ಅದು ನಮ್ಮ ದೇಶಕ್ಕೆ ಬಂದು, ನಾಟಕ ಕಂಪನಿಗಳ ಪೇಟಿ ಮಾಸ್ತರರ ಕೈ ಸೇರಿ, ಭಜನೆಯ ಮನೆಗಳನ್ನು ಹೊಕ್ಕಿತು.

ಈಗ ವಾಚಕರು ಒಂದು ರಟ್ಟನ್ನೂ ಪೆನ್ಸಿಲನ್ನೂ ತೆಗೆದುಕೊಳ್ಳಲಿ. ಒಂದೊಂದು ಅಂಗುಲದ ಚೌಕಗಳ ಸಾಲೊಂದನ್ನು ಎಳೆದು ಅವುಗಳಲ್ಲಿ 0, 2, 4, 6, 8, 10, 12 ಎಂದು ಮುಂದುವರಿಸಿ ಬರೆಯಿರಿ. ಅದರ ಮೇಲೆ ಅರ್ಧ ಅಂಗುಲ ಬಲಕ್ಕೆ ಸರಿಸಿ ಎರಡನೆಯ ಸಾಲನ್ನೆಳೆದು 1, 3, 5, 7, 9, 11, 13 ಎಂದು ಬರೆಯಿರಿ. ಸೊನ್ನೆಯ ಮೇಲೆ ಹೆಬ್ಬೆರಳಿಟ್ಟು ಮಾಯಾಮಾಳವಗೌಳವನ್ನು ಹುಡುಕಿದರೆ, ಷಡ್ಜದ ಸಾಲಿನಲ್ಲಿಯೇ ಬಲಕ್ಕೆ ಎರಡನೆಯ ಮನೆ ಗಾಂಧಾರ, ನಾಲ್ಕನೆಯದು ಧೈವತ, ಆರನೆಯದು ಮೇಲಿನ ಷಡ್ಜ. ಮೇಲಿನ ಸಾಲಿನಲ್ಲಿ ಮೊದಲನೆಯ ಮನೆ ರಿಷಭ, ಮೂರನೆಯದು ಮಧ್ಯಮ, ನಾಲ್ಕನೆಯದು ಪಂಚಮ, ಆರನೆಯದು ನಿಷಾದ. ಈ ಆಕೃತಿಯನ್ನು 2ರಿಂದಲೋ 4ರಿಂದಲೋ ಆರಂಭಿಸಿ ನೋಡಿ: ಕೊಂಚವೂ ಬದಲಾಗದು.

ಇದನ್ನು ನಾವು ಪಕ್ಕದ ಮನೆಯ ಹುಡುಗಿಗೆ ಬರೆದು ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಬೆರಳಾಡಿಸಿ, ‘ಸರ್, ಮೇಲಿನ ಸಾಲಿನ ಒಂದರಿಂದ ಶುರುಮಾಡಿದರೆ ರಿಷಭ ಕೆಳಗೆ ಹೋಗಿಬಿಡುತ್ತದಲ್ಲ?’ ಎಂದಳು. ಪ್ರಶ್ನೆ ಸರಿಯಾಗಿಯೇ ಇದೆ. ಎರಡೇ ಸಾಲುಗಳಿದ್ದರೆ ಎರಡು ಆಕೃತಿಗಳಾಗುತ್ತವೆ. ಒಂದು ಮೇಲಕ್ಕೆ ಬಾಗಿದ್ದು, ಇನ್ನೊಂದು ಕೆಳಕ್ಕೆ. ಪರಿಹಾರವೇನೆಂದರೆ ಕೆಳಸಾಲಿನ ಸ್ವರಗಳನ್ನೇ ಮೂರನೆಯ ಸಾಲಾಗಿ, ಕೆಳಗಿನವುಗಳ ನೇರ ಮೇಲೆ, ಮತ್ತೊಮ್ಮೆ ಬರೆಯುವುದು. ಆಗ ಎಲ್ಲಿಂದ ಹೊರಟರೂ ರಿಷಭ ಮೇಲುಗಡೆಯೇ. ಹನ್ನೆರಡಿದ್ದ ಬೆರಳುದಾರಿ ಎರಡಾಗಿ, ಎರಡಿದ್ದದ್ದು ಒಂದಾಯಿತು.

ಹುಡುಗಿ ಒಂದು ಸಂಜೆಯಲ್ಲಿ ಕಂಡುಕೊಂಡ ಈ ವಿಚಾರಕ್ಕೆ ಹಂಗೆರಿಯ ಪಾಲ್ ಫಾನ್ ಯಾಂಕೊ ಎಂಬಾತನು 1882ರಲ್ಲಿ ಪೇಟೆಂಟು ಪಡೆದಿದ್ದನು. ಗಣಿತವನ್ನೂ ಸಂಗೀತವನ್ನೂ ವ್ಯಾಸಂಗ ಮಾಡಿದ್ದ ಆತನ ಪಿಯಾನೊ ಹಲಗೆಯಲ್ಲಿ ಆರು ಸಾಲುಗಳಿದ್ದವು. ಒಂದೇ ಸನ್ನೆಗೋಲನ್ನು ಮೂರು ಕಡೆ ಒತ್ತಬಹುದಾಗಿತ್ತು. ಒಂದು ಸ್ಥಾಯಿಗೆ ಏಳು ಬಿಳಿಮನೆಗಳ ಅಗಲದ ಬದಲು ಆರೇ ಮನೆಗಳ ಅಗಲ ಸಾಕಾದ್ದರಿಂದ ಚಿಕ್ಕ ಕೈಯವರಿಗೂ ಅನುಕೂಲ. ಆದರೂ ಅದು ನೆಲೆಗೊಳ್ಳಲಿಲ್ಲ. ಇದ್ದ ಪಿಯಾನೊಗಳೂ ಪುಸ್ತಕಗಳೂ ಶಿಕ್ಷಕರೂ ಹಳೆಯ ಹಲಗೆಗೆ ಒಗ್ಗಿಹೋಗಿದ್ದರು. ಇನ್ನೊಂದು ಕಾರಣವೂ ಇದೆಯೆಂದು ನಮ್ಮ ಅಭಿಪ್ರಾಯ: ಹಳೆಯ ಹಲಗೆಯಲ್ಲಿ ಎರಡು ಕಪ್ಪು, ಮೂರು ಕಪ್ಪು ಎಂಬ ಗುಂಪುಗಳು ಕಣ್ಣುಮುಚ್ಚಿದರೂ ಬೆರಳಿಗೆ ಗುರುತಾಗುತ್ತವೆ. ಎಲ್ಲ ಕಡೆಯೂ ಒಂದೇ ರೀತಿಯಿರುವ ಹಲಗೆಯಲ್ಲಿ ತಾನೆಲ್ಲಿದ್ದೇನೆಂಬುದೇ ತಿಳಿಯದು. ಅಸಮತೆಗೂ ಒಂದು ಉಪಯೋಗವಿದೆಯೆಂದಾಯಿತು.

ಈ ಬಗೆಯ ಹಲಗೆಗಳಿಗೆ ಸಮರೂಪಿ ಕೀಲಿಮಣೆಗಳೆಂದು ಹೆಸರಿಡಬಹುದು. ಇವುಗಳ ಗಣಿತ ಒಂದೇ ಸಾಲಿನದು:

ಸ್ವರದ ಏರಿಕೆ = ಕ × (ಬಲಕ್ಕೆ ನಡೆದ ಮನೆಗಳು) + ಖ × (ಬಲಕ್ಕೆ ಓರೆಯಾಗಿ ಏರಿದ ಸಾಲುಗಳು)

ಇದರಲ್ಲಿ ಹೊರಟ ಸ್ಥಳದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಿರಿ, ಗುಟ್ಟೆಲ್ಲ ಅಲ್ಲಿದೆ. ಯಾಂಕೊನ ಹಲಗೆಯಲ್ಲಿ ಕ 2, ಖ 1. ಗುಂಡಿಗಳ ಅಕಾರ್ಡಿಯನ್ನಿನಲ್ಲಿ ಒಂದು ಸಾಲಿನ ಅಕ್ಕಪಕ್ಕದ ಗುಂಡಿಗಳಿಗೆ ಮೂರು ಮೆಟ್ಟಿಲಿನ ಅಂತರ. ಸ್ವಿಟ್ಜರ್ಲೆಂಡಿನ ಕಾಸ್ಪರ್ ವಿಕಿ 1896ರಲ್ಲಿ ಪೇಟೆಂಟು ಪಡೆದ ವಿನ್ಯಾಸದಲ್ಲಿ ಕ 2, ಖ 7. ಅದನ್ನೇ ಸ್ವತಂತ್ರವಾಗಿ ಮತ್ತೆ ಕಂಡುಹಿಡಿದ ಬ್ರಿಟನ್ನಿನ ಬ್ರಯನ್ ಹೇಡನ್ 1986ರಲ್ಲಿ ಪೇಟೆಂಟು ಪಡೆದನು. ಇದರಲ್ಲಿ ಷಡ್ಜದ ಮೇಲೆ ಎಡಗಡೆಗೆ ಮಧ್ಯಮ, ಬಲಗಡೆಗೆ ಪಂಚಮ, ಎರಡು ಸಾಲು ನೇರ ಮೇಲಕ್ಕೆ ತಾರಷಡ್ಜ. ಶಂಕರಾಭರಣವನ್ನು ಹಿಡಿದರೆ ಕೆಳಗೆ ಸ-ರಿ-ಗ, ಮೇಲೆ ಮ-ಪ-ಧ-ನಿ, ಎಷ್ಟು ಅಚ್ಚುಕಟ್ಟು! ಆದರೆ ಮಾಯಾಮಾಳವಗೌಳದ ರಿಷಭವನ್ನು ಮಧ್ಯಮದ ಎಡಕ್ಕೆ ಎರಡು ಮನೆ ದಾಟಿ ಹುಡುಕಬೇಕು. ಧೈವತವಂತೂ ತಾರಷಡ್ಜದ ಸಾಲಿಗೆ ಓಡಿಹೋಗುತ್ತದೆ. ಪಾಶ್ಚಾತ್ಯರ ಮೇಳಕ್ಕೆ ಹೊಲಿದ ಅಂಗಿ ನಮ್ಮ ಮೊದಲನೆಯ ಪಾಠಕ್ಕೇ ಬಿಗಿಯಾಯಿತು. ನಮಗೆ ಯಾಂಕೊನ ಹಲಗೆಯೇ ವಾಸಿ.

ನಮ್ಮ ದೇಶದ ಕುಶಲಿಗಳು ಬೇರೊಂದು ದಾರಿ ಹಿಡಿದರು. ‘ಸ್ಕೇಲ್ ಚೇಂಜರ್’ ಎಂಬ ಹಾರ್ಮೋನಿಯಮ್ಮಿನಲ್ಲಿ ಹಲಗೆಯನ್ನೇ ರೀಡುಗಳ ಮೇಲೆ ಪಕ್ಕಕ್ಕೆ ಸರಿಸಬಹುದು. ಬೆರಳು ಹಳೆಯ ಮನೆಗಳಲ್ಲಿಯೇ ಆಡುತ್ತದೆ, ಒಳಗೆ ಬೇರೆ ರೀಡು ನುಡಿಯುತ್ತದೆ. ಇಂದಿನ ವಿದ್ಯುನ್ಮಾನ ಕೀಬೋರ್ಡುಗಳಲ್ಲಿ ಒಂದು ಗುಂಡಿಯೊತ್ತಿದರೆ ಇದೇ ಕೆಲಸವಾಗುತ್ತದೆ. ಆ ನವರಾತ್ರಿಯಲ್ಲಿ ನಮ್ಮ ನೆರೆಯವರು ಪರಿಚಿತರೊಬ್ಬರಿಂದ ಇಂತಹ ಪೆಟ್ಟಿಗೆಯೊಂದನ್ನು ತರಿಸಿಕೊಂಡರು, ಕಛೇರಿ ನಿಲ್ಲಲಿಲ್ಲ.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಭಾವಿಸುವಂತಿಲ್ಲ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಹಾಕಿ, 1971ರಲ್ಲಷ್ಟೇ ಅದನ್ನು ಭಾಗಶಃ ಸಡಿಲಿಸಿತು. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರದ ಮೊದಲ ವರ್ಷಗಳು ಆ ನಿಷೇಧದೊಳಗೇ ಕಳೆದವು. ಆಕ್ಷೇಪ ಬೆರಳುದಾರಿಯ ಮೇಲಲ್ಲ, ಶ್ರುತಿಯ ಮತ್ತು ಗಮಕದ ಮೇಲೆ. ಲೆಕ್ಕ ಮಾಡಿ ನೋಡೋಣ. ತಂಬೂರಿಯ ಷಡ್ಜ ಸೆಕೆಂಡಿಗೆ 240 ಕಂಪನವೆನ್ನಿ. ಅದರ ತಂತಿಯಲ್ಲಿ ತಾನಾಗಿ ಏಳುವ ಐದನೆಯ ಸ್ವಯಂಭೂಸ್ವರ 1200. ಶುದ್ಧವಾದ ಅಂತರಗಾಂಧಾರ 300. ಅದರ ನಾಲ್ಕರಷ್ಟು ಕೂಡ 1200, ಎರಡೂ ಬೆರೆತುಹೋಗುತ್ತವೆ. ಹಾರ್ಮೋನಿಯಮ್ಮಿನ ಗಾಂಧಾರವಾದರೋ 302.4, ಅದರ ನಾಲ್ಕರಷ್ಟು ಸುಮಾರು 1209.5. ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ವಿಸ್ಪಂದಗಳು! ಪಂಚಮದಲ್ಲಿ ವಿಸ್ಪಂದ ಸೆಕೆಂಡಿಗೆ ಒಂದಕ್ಕಿಂತಲೂ ಕಡಮೆ; ಅಲ್ಲಿ ಕಿವಿ ಕ್ಷಮಿಸುತ್ತದೆ.

ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು 1910ರಲ್ಲಿ ಇಪ್ಪತ್ತೆರಡು ಶ್ರುತಿಗಳನ್ನು ಕುರಿತು ಪುಸ್ತಕ ಪ್ರಕಟಿಸಿದರು. ಅವರೂ ಸಿವಿಲ್ ಸರ್ವಿಸಿನ ಕ್ಲೆಮೆಂಟ್ಸರೂ ಸೇರಿ ಶ್ರುತಿ ಹಾರ್ಮೋನಿಯಮ್ಮೊಂದನ್ನು ಲಂಡನ್ನಿನಲ್ಲಿ ಮಾಡಿಸಿದರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ಈ ಪ್ರಯೋಗಗಳಲ್ಲಿ ನೆರವಾಗಿದ್ದರು. ಆದರೆ ಅಸಮಾನ ಅಂತರಗಳ ಇಂತಹ ವಾದ್ಯವನ್ನು ಒಂದೇ ಷಡ್ಜಕ್ಕೆ ಹೊಂದಿಸಿರಬೇಕು. ಷಡ್ಜವನ್ನು ಸರಿಸಿದರೆ ಅನುಪಾತಗಳೆಲ್ಲ ಕೆಡುತ್ತವೆ. ಶ್ರುತಿಶುದ್ಧಿ ಬೇಕೆಂದರೆ ಚಲನೆ ಹೋಗುತ್ತದೆ, ಚಲನೆ ಬೇಕೆಂದರೆ ಶುದ್ಧಿ ಹೋಗುತ್ತದೆ.

ಎರಡನ್ನೂ ಕೂಡಿಸಹೊರಟವನು ಆಕ್ಸ್‌ಫರ್ಡಿನ ಬೊಸಾಂಕೆ. 1870ರ ದಶಕದಲ್ಲಿ ಅವನು ಸ್ಥಾಯಿಯನ್ನು 53 ಸಮಭಾಗಗಳಾಗಿ ಮಾಡಿ, ಸ್ಥಾಯಿಗೆ 84 ಮನೆಗಳಿರುವ ಸಮರೂಪಿ ಹಾರ್ಮೋನಿಯಮ್ಮೊಂದನ್ನು ರಚಿಸಿದನು. ಇದರಲ್ಲಿ 31ನೆಯ ಮೆಟ್ಟಿಲು ಪಂಚಮ, 17ನೆಯದು ಗಾಂಧಾರ. 240ರ ಷಡ್ಜಕ್ಕೆ ಈ ಗಾಂಧಾರ 299.76, ಒಂಬತ್ತೂವರೆಯಷ್ಟಿದ್ದ ವಿಸ್ಪಂದ ಒಂದಕ್ಕೆ ಇಳಿಯಿತು. ಮೆಟ್ಟಿಲುಗಳೆಲ್ಲ ಸಮಾನವಾದ್ದರಿಂದ ಷಡ್ಜವನ್ನು ಎಲ್ಲಿಟ್ಟರೂ ಇದೇ ಶುದ್ಧಿ, ಇದೇ ಬೆರಳುದಾರಿ. ಬೊಸಾಂಕೆ 1877ರಲ್ಲಿ ಹಿಂದೂ ಸಂಗೀತದ ಸ್ಥಾಯಿ ವಿಭಾಗವನ್ನು ಕುರಿತೇ ರಾಯಲ್ ಸೊಸೈಟಿಗೆ ಪ್ರಬಂಧ ಬರೆದನೆಂಬುದು ನಮಗೆ ವಿಶೇಷ ಸಂಗತಿ. ಸ್ಥಾಯಿಯನ್ನು 22 ಸಮಭಾಗ ಮಾಡಿದರೆ ಏನಾಗುವುದೆಂದು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು: 13ನೆಯ ಭಾಗದಲ್ಲಿ ಬೀಳುವ ಪಂಚಮ 360ರ ಬದಲು 361.5 ಆಗುತ್ತದೆ, ಹಾರ್ಮೋನಿಯಮ್ಮಿನ ಪಂಚಮಕ್ಕಿಂತ ಇದು ಹೆಚ್ಚು ದೂರ. ಇಪ್ಪತ್ತೆರಡು ಶ್ರುತಿಗಳನ್ನು ಸಮಾನವೆಂದು ಎಣಿಸುವವರು ಈ ಅಂಕಿಯನ್ನು ಮರೆಯಬಾರದು.

ಇನ್ನುಳಿದದ್ದು ಗಮಕ. ಮನೆಯನ್ನೊತ್ತಿದರೆ ಒಂದು ಸ್ವರ, ಬಿಟ್ಟರೆ ಮೌನ, ನಡುವಣ ದಾರಿಯಿಲ್ಲ. 2014ರಲ್ಲಿ ಅಮೆರಿಕದ ರೋಜರ್ ಲಿನ್ ಹೊರತಂದ ವಿದ್ಯುನ್ಮಾನ ವಾದ್ಯದಲ್ಲಿ ಚೌಕಗಳ ಸಾಲುಗಳಿವೆ: ಬಲಕ್ಕೆ ಒಂದು ಮೆಟ್ಟಿಲು, ನೇರ ಮೇಲಕ್ಕೆ ಸಾಮಾನ್ಯವಾಗಿ ಐದು, ಅಂದರೆ ಮಧ್ಯಮ. ಬೆರಳನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಜಾರಿಸಿದರೆ ಸ್ವರವೂ ವೀಣೆಯ ತಂತಿಯನ್ನೆಳೆದಂತೆ ಜಾರುತ್ತದೆ. ಸ್ಪರ್ಶಕ್ಕೆ ನುಡಿಯುವ ಇಂತಹ ಜಾಲಗಳು ಮೊಬೈಲ್ ಫೋನಿನ ಗಾಜಿನ ಮೇಲೂ ದೊರೆಯುತ್ತವೆ.

ನಮ್ಮ ನೆರೆಯ ಹುಡುಗಿ ಆ ರಟ್ಟನ್ನು ಹಾರ್ಮೋನಿಯಮ್ಮಿನ ಮುಚ್ಚಳದೊಳಗೆ ಇಟ್ಟುಕೊಂಡಿದ್ದಾಳೆ. ಹೊಸ ರಾಗ ಕಲಿತಾಗ ಮೊದಲು ಅದರ ಮೇಲೆ ಚುಕ್ಕೆಯಿಟ್ಟು ಆಕೃತಿಯನ್ನು ನೋಡಿಕೊಳ್ಳುತ್ತಾಳಂತೆ. ಮೊನ್ನೆ ಮೋಹನವನ್ನು ವಿಕಿಯ ವಿನ್ಯಾಸದಲ್ಲಿ ಬರೆದು ತಂದಿದ್ದಳು: ಕೆಳಗೆ ಮೂರು ಚುಕ್ಕೆ, ಅವುಗಳ ಸಂದಿಗೆ ಬಲಕ್ಕೆ ಒತ್ತಿ ಮೇಲೆ ಎರಡು. ಐದೂ ಒಂದೇ ಹಿಡಿಯಲ್ಲಿ.