ದಮ್ಮು ಇಳಿದ ದಿನವೂ ಇನ್‌ಹೇಲರ್ ಬಿಡಬೇಡಿ

ಕಮಲಾಪುರದ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆಯ ಒಲೆ ಮುಂದೆ ಕೂತು ರೊಟ್ಟಿ ಬಡಿದ ಹೆಣ್ಣುಮಕ್ಕಳು, ಕಲಬುರಗಿಯ ದಾಲ್‌ಮಿಲ್ ಧೂಳಿನಲ್ಲಿ ದುಡಿದವರು, ಬೀಡಿ ಸೇದಿದವರು ನಲವತ್ತು ದಾಟಿದ ಮೇಲೆ ದಮ್ಮು, ಕೆಮ್ಮು, ಕಫ ಎಂದರೆ ವಯಸ್ಸಾಯಿತೆಂದು ಸುಮ್ಮನಿರಬಾರದು. ಅದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರಬಹುದು. ಮೊದಲು ಕಲಬುರಗಿಯ ಜಿಮ್ಸ್‌ನಂತಹ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹೋಗಿ, ಉಸಿರು ಊದಿಸಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯ ಬಗ್ಗೆ ಕೇಳಿ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಬಳಿಕವೂ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ್ದರ ಶೇ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿಯ ಅನುಮಾನ ಗಟ್ಟಿಯಾಗುತ್ತದೆ. ಅಸ್ತಮಾ ಇಲ್ಲವೆಂದು ಖಚಿತವಾಗುವುದೂ ಅಷ್ಟೇ ಮುಖ್ಯ. ಅಸ್ತಮಾ ಇದ್ದವರಿಗೆ ಸಾಲ್ಮೆಟೆರಾಲ್‌ನಂಥ, ಶ್ವಾಸನಾಳವನ್ನು ಹೆಚ್ಚು ಹೊತ್ತು ಹಿಗ್ಗಿಸಿಡುವ ಔಷಧವನ್ನು ಸ್ಟೀರಾಯ್ಡ್ ಜೊತೆಯಿಲ್ಲದೆ ಕೊಟ್ಟರೆ ಜೀವಕ್ಕೇ ಅಪಾಯ.

ಬಹಳ ಜನ ದಮ್ಮು ಹತ್ತಿದಾಗ ಮಾತ್ರ ಸಾಲ್ಬುಟಮಾಲ್ ಎಳೆದು ಸುಮ್ಮನಾಗುತ್ತಾರೆ. ಅದರ ಬಲ ನಾಲ್ಕಾರು ತಾಸು ಅಷ್ಟೆ. ದಿನಕ್ಕೊಮ್ಮೆ ಎಳೆಯುವ ಟಿಯೊಟ್ರೋಪಿಯಂ ಇಡೀ ದಿನ ಶ್ವಾಸನಾಳವನ್ನು ಸಡಿಲವಾಗಿಡುತ್ತದೆ. ಫಾರ್ಮೊಟೆರಾಲ್, ಸಾಲ್ಮೆಟೆರಾಲ್ ದಿನಕ್ಕೆರಡು ಸಲ ಬೇಕು. 2008ರಲ್ಲಿ ಪ್ರಕಟವಾದ ‘ಅಪ್‌ಲಿಫ್ಟ್’ ಅಧ್ಯಯನ ಸುಮಾರು 6,000 ರೋಗಿಗಳನ್ನು ನಾಲ್ಕು ವರ್ಷ ಗಮನಿಸಿತು. ಟಿಯೊಟ್ರೋಪಿಯಂ ಪಡೆದವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಯಿತು, ದಿನನಿತ್ಯದ ಬದುಕು ಹಗುರಾಯಿತು. ಶ್ವಾಸಕೋಶ ಕ್ಷೀಣಿಸುವ ವೇಗ ಮಾತ್ರ ತಗ್ಗಲಿಲ್ಲ. ಹಾಗಾದರೆ ಏನು ಉಪಯೋಗ ಎಂದು ಕೇಳಬಹುದು. ಒಂದೊಂದು ಉಲ್ಬಣವೂ ಆಸ್ಪತ್ರೆಗೆ ಎಳೆದೊಯ್ಯಬಲ್ಲದು. ಅದನ್ನು ತಪ್ಪಿಸುವುದು ಸಣ್ಣ ಲಾಭವಲ್ಲ. ಆ ಲಾಭ ಸಿಗುವುದು ನಿತ್ಯ ಎಳೆದವರಿಗೆ.

ಎಳೆಯುವ ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಪುಡಿ ತುಂಬಿದ ರೋಟಾಕ್ಯಾಪ್ ನುಂಗುವ ಗುಳಿಗೆಯಲ್ಲ. ಒಣಗಿದ ಕೈಯಿಂದ ಅದನ್ನು ಸಾಧನದೊಳಗೆ ಕೂರಿಸಿ, ತಿರುಗಿಸಿ ಒಡೆಯಿರಿ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಪೂರ್ತಿ ಬಿಡಿ. ಸಾಧನದೊಳಗೆ ಊದಿದರೆ ಪುಡಿ ತೇವಗೊಂಡು ಅಂಟಿಕೊಳ್ಳುತ್ತದೆ. ತುಟಿ ಬಿಗಿ ಹಿಡಿದು ಜೋರಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಕಟ್ಟಿ. ಬಳಿಕ ತೆಗೆದು ನೋಡಿ, ಪುಡಿ ಉಳಿದಿದ್ದರೆ ಮತ್ತೆ ಎಳೆಯಿರಿ. ಒತ್ತುವ ಪಂಪ್ ಆದರೆ ಇದಕ್ಕೆ ತದ್ವಿರುದ್ಧ: ನಿಧಾನವಾಗಿ ಎಳೆಯಬೇಕು, ಪಂಪ್‌ಗೆ ಜೋಡಿಸುವ ಕೊಳವೆ ‘ಸ್ಪೇಸರ್’ ಇದ್ದರೆ ಒಳ್ಳೆಯದು. ಜೋರಾಗಿ ಎಳೆಯುವ ತ್ರಾಣವಿಲ್ಲದ ವೃದ್ಧರಿಗೆ ಪುಡಿಗಿಂತ ಇದೇ ವಾಸಿ. ಸ್ಟೀರಾಯ್ಡ್ ಸೇರಿದ್ದರೆ ಬಾಯಿ ಮುಕ್ಕಳಿಸಿ.

ಪಂಪ್ ಚಟವಾಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಬಿಟ್ಟಾಗ ದಮ್ಮು ಮರಳುವುದು ಕಾಯಿಲೆ ಹೋಗಿಲ್ಲವೆಂಬುದರ ಗುರುತು, ರಕ್ತದೊತ್ತಡದ ಗುಳಿಗೆ ಬಿಟ್ಟಾಗ ಆಗುವಂತೆಯೇ. ಖರ್ಚಿನ ಮಾತು ನಿಜ; ಆದರೆ ಟಿಯೊಟ್ರೋಪಿಯಂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಗ್ಲುಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯಿದ್ದರೆ, ಎದೆಬಡಿತ ಏರುಪೇರಾಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ದಮ್ಮು ಏಕಾಏಕಿ ಏರಿದಾಗ ಟಿಯೊಟ್ರೋಪಿಯಂ ನೆಚ್ಚಬೇಡಿ, ಸಾಲ್ಬುಟಮಾಲ್ ಎಳೆಯಿರಿ. ಅದಕ್ಕೂ ಇಳಿಯದಿದ್ದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.