ಧ್ವನಿಪೆಟ್ಟಿಗೆಯೂ ವ್ಯತಿರೇಕ ವಿಧಾನವೂ

ತರ್ಕಶಾಸ್ತ್ರದ ತರಗತಿಯಲ್ಲಿ ಓದುವ ಸಂಗತಿಗಳು ಉತ್ತರಪತ್ರಿಕೆಯಿಂದ ಆಚೆಗೆ ಎಲ್ಲಿಯೂ ಉಪಯೋಗಕ್ಕೆ ಬಾರವು ಎಂಬ ಮಾತು ನಮ್ಮ ವಿದ್ಯಾರ್ಥಿನಿಲಯದಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರವಾಗಿ ಒಂದು ಚಿಕ್ಕ ವಿಷಯವನ್ನು ವಾಚಕರ ಮುಂದಿಡುತ್ತೇನೆ. ಈಗ ಎಷ್ಟೋ ಮನೆಗಳ ನಡುಮನೆಯಲ್ಲಿ ಹೋಮ್ ಥಿಯೇಟರ್ ಬಂದು ಕುಳಿತಿದೆ. ಮುಂದೆ ಮೂರು, ಹಿಂದೆ ಎರಡು, ಹೀಗೆ ಐದು ಸ್ಪೀಕರುಗಳು. ಅವುಗಳ ಜೊತೆಗೆ ಮಂದ್ರಧ್ವನಿಗೆಂದೇ ಒಂದು ಸಬ್‌ವೂಫರ್. ತಂದ ಹೊಸತರಲ್ಲಿ ಬೀದಿಗೆಲ್ಲ ಕೇಳಿಸಿ ಸಂತೋಷಪಟ್ಟವರೇ ಕೆಲವು ದಿನಗಳ ಮೇಲೆ “ಒಂದು ಕಡೆ ಜೋರು, ಒಂದು ಕಡೆ ಮೆತ್ತಗೆ” ಎಂದೋ, “ಹೊಡೆದಾಟ ಕಿವಿ ಒಡೆಯುವ ಹಾಗೆ ಕೇಳುತ್ತದೆ, ಮಾತೇ ಕೇಳುವುದಿಲ್ಲ” ಎಂದೋ ಗೊಣಗತೊಡಗುತ್ತಾರೆ. ಅಂಗಡಿಗೆ ಹೋದರೆ ಸಿಕ್ಕುವ ಉತ್ತರ ಸಾಮಾನ್ಯವಾಗಿ ಒಂದೇ: “ಸ್ಪೀಕರ್ ಹೋಗಿದೆ, ಹೊಸದು ಹಾಕಿಸಿ.” ಇದು ಅನುಮಾನವೇ ಹೊರತು ಪ್ರಮಾಣವಲ್ಲ.

ಜಾನ್ ಸ್ಟೂಅರ್ಟ್ ಮಿಲ್ ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ಕೆಲವು ವಿಧಾನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ವ್ಯತಿರೇಕ ವಿಧಾನವೂ ಒಂದು. ಉಳಿದುದೆಲ್ಲವೂ ಇದ್ದಂತೆಯೇ ಇರಲು, ಒಂದನ್ನು ಮಾತ್ರ ಬದಲಿಸಿದಾಗ ಫಲವೂ ಬದಲಾದರೆ, ಆ ಒಂದರಲ್ಲಿಯೇ ಕಾರಣವಿದೆ ಎಂಬುದು ಇದರ ಸಾರ. ಅನ್ವಯ-ವ್ಯತಿರೇಕವೆಂಬ ಮಾತು ನಮ್ಮ ನೈಯಾಯಿಕರಿಗೂ ಹೊಸದಲ್ಲ. ಇದನ್ನು ಸ್ಪೀಕರಿಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ವಿಭಾಗವಿಲ್ಲ. ಆದುದರಿಂದ ಪರರ ಹೊಲಕ್ಕೆ ನುಗ್ಗಿದನೆಂದು ನನ್ನನ್ನು ಗದರುವವರೂ ಇಲ್ಲವೆಂಬ ಧೈರ್ಯ ನನಗಿದೆ.

ಸದ್ದು ನಮ್ಮನ್ನು ಮುಟ್ಟುವ ದಾರಿಯನ್ನು ಮೊದಲು ನೋಡೋಣ. ಟಿವಿಯಿಂದಲೋ ಸೆಟ್‌ಟಾಪ್ ಪೆಟ್ಟಿಗೆಯಿಂದಲೋ ಹೊರಟದ್ದು ರಿಸೀವರಿಗೆ ಬರುತ್ತದೆ. ಅಲ್ಲಿಂದ ತಂತಿ, ತಂತಿಯಿಂದ ಸ್ಪೀಕರು, ಸ್ಪೀಕರಿನಿಂದ ಕೋಣೆ, ಕೋಣೆಯಿಂದ ಕಿವಿ. ಈ ಸರಪಣಿಯ ಯಾವ ಕೊಂಡಿ ಸಡಿಲವಾದರೂ ನಮಗೆ ತೋರುವುದು “ಆ ಕಡೆ ಮೆತ್ತಗೆ” ಎಂಬ ಒಂದೇ ಲಕ್ಷಣ. ಎಡಗಡೆಯ ಸ್ಪೀಕರು ಮೆತ್ತಗಿದೆ ಎಂದಿಟ್ಟುಕೊಳ್ಳಿ. ರಿಸೀವರಿನ ವಿದ್ಯುತ್ತನ್ನು ಪೂರ್ತಿ ತೆಗೆದು, ಅದರ ಬೆನ್ನಿನಲ್ಲಿ ಎಡಬಲದ ತಂತಿಗಳನ್ನು ಅದಲುಬದಲು ಮಾಡಿ, ಅದೇ ಹಾಡನ್ನು ಅದೇ ಕುರ್ಚಿಯಲ್ಲಿ ಕುಳಿತು ಕೇಳತಕ್ಕದ್ದು. ದೋಷ ಬಲಗಡೆಗೆ ಹಾರಿತೆಂದರೆ ಸ್ಪೀಕರು ನಿರಪರಾಧಿ. ರಿಸೀವರಿನಲ್ಲಿಯೋ ಅದಕ್ಕೂ ಹಿಂದೆಯೋ ಹುಡುಕಬೇಕು. ದೋಷ ಎಡಗಡೆಯಲ್ಲಿಯೇ ಉಳಿದರೆ, ತಂತಿಗಳನ್ನು ಮೊದಲಿನಂತೆ ಸೇರಿಸಿ, ಈಗ ಪೆಟ್ಟಿಗೆಗಳನ್ನೇ ಸ್ಥಳಾಂತರಿಸಬೇಕು. ಪೆಟ್ಟಿಗೆಯ ಜೊತೆಗೆ ದೋಷವೂ ಹೊರಟುಹೋದರೆ ಪೆಟ್ಟಿಗೆಯದೇ ತಪ್ಪು. ಹೋಗದೆ ಎಡಗಡೆಗೇ ಅಂಟಿಕೊಂಡಿದ್ದರೆ ತಂತಿಯನ್ನು ಬದಲಿಸಿ ನೋಡಬೇಕು. ಎರಡು ಕೆಲಸಗಳನ್ನು ಒಟ್ಟಿಗೆ ಮಾತ್ರ ಮಾಡಲಾಗದು. ಮಾಡಿದರೆ ದೋಷ ಹೋದರೂ ಏತರಿಂದ ಹೋಯಿತೆಂಬುದು ತಿಳಿಯದು, ಅದು ಮರಳಿ ಬಂದಾಗ ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ.

ತಂತಿಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಎರಡು ಸ್ಪೀಕರುಗಳ ಪೈಕಿ ಒಂದಕ್ಕೆ ಧನ-ಋಣ ತುದಿಗಳು ತಿರುವುಮುರುವಾದರೆ ಎರಡೂ ಜೋರಾಗಿಯೇ ಹಾಡುತ್ತವೆ. ಆದರೆ ಒಂದರ ಪರದೆ ಮುಂದೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುವುದರಿಂದ ಮಂದ್ರಧ್ವನಿ ಸೊರಗುತ್ತದೆ, ಹಾಡುವವರು ನಡುವೆ ನಿಂತಂತೆ ಕೇಳಿಸದೆ ದಿಕ್ಕುತಪ್ಪಿದಂತೆ ಕೇಳಿಸುತ್ತಾರೆ. ಸಂಶಯವಿದ್ದರೆ ತಂತಿಯನ್ನು ರಿಸೀವರಿನಿಂದ ಬಿಚ್ಚಿ, ಒಂದೂವರೆ ವೋಲ್ಟಿನ ಸಾಮಾನ್ಯ ಬ್ಯಾಟರಿಯನ್ನು ಕ್ಷಣಮಾತ್ರ ಮುಟ್ಟಿಸಿ ನೋಡಬಹುದು. ಧನಕ್ಕೆ ಧನ ಸೇರಿದ್ದರೆ ದೊಡ್ಡ ಪರದೆ ಸಾಧಾರಣವಾಗಿ ಮುಂದಕ್ಕೆ ಜಿಗಿಯುತ್ತದೆ. ಮತ್ತೊಂದು ಸಂಗತಿ: ಸುಟ್ಟುಹೋದ ೮ ಓಮಿನ ಸ್ಪೀಕರಿನ ಜಾಗಕ್ಕೆ ಕೈಗೆ ಸಿಕ್ಕಿದ ೪ ಓಮಿನದನ್ನು ಹಾಕಿಸಿಕೊಂಡರೆ, ಅಷ್ಟೇ ವೋಲ್ಟಿಗೆ ಅದು ಇಮ್ಮಡಿ ಶಕ್ತಿಯನ್ನು ಎಳೆಯುತ್ತದೆ, ಕೆಲವು ರಿಸೀವರುಗಳು ಅದನ್ನು ತಾಳಲಾರವು. ಇದು ಸಮಮಾಡುವುದಲ್ಲ, ಅಸಮವನ್ನು ಕೊಂಡುತರುವುದು.

ಮಾತು ಕೇಳದಿರುವ ದೂರು ಬೇರೆ ಜಾತಿಯದು. ಐದು ಸ್ಪೀಕರುಗಳಿಗೆಂದು ಹೊಂದಿಸಿದ ಚಲಚ್ಚಿತ್ರಗಳಲ್ಲಿ ಸಂಭಾಷಣೆಯ ಬಹುಭಾಗ ಮುಂದಿನ ಮಧ್ಯದ ಸ್ಪೀಕರಿನಿಂದಲೇ ಬರತಕ್ಕದ್ದು. ಅದು ಟಿವಿಯ ಕೆಳಗೆ ಬೀರುವಿನೊಳಗೆ ಹೂದಾನಿಯ ಹಿಂದೆ ಕುಳಿತಿದ್ದರೆ ಮಾತು ಹೇಗೆ ಕೇಳೀತು? ಇನ್ನು ಹಿಂದಿನ ಸ್ಪೀಕರುಗಳು ಮೌನವಾಗಿದ್ದರೆ, ಬರುತ್ತಿರುವ ಕಾರ್ಯಕ್ರಮವೇ ಎರಡು ವಾಹಿನಿಗಳದೋ ಎಂದು ವಿಚಾರಿಸಬೇಕು. ರಿಸೀವರಿನಲ್ಲಿರುವ ಪರೀಕ್ಷಾಧ್ವನಿಯನ್ನು ಹಾಕಿದರೆ ಅದು ಒಂದೊಂದೇ ಸ್ಪೀಕರಿಗೆ ಸುತ್ತಿಬರುವುದರಿಂದ ಈ ಸಂಶಯ ಒಂದು ನಿಮಿಷದಲ್ಲಿ ಹರಿಯುತ್ತದೆ.

ಇಷ್ಟೆಲ್ಲ ಬದಲಿಸಿದ ಮೇಲೂ ದೋಷ ಸ್ಥಳ ಬಿಟ್ಟು ಕದಲದಿದ್ದರೆ ಕೋಣೆಯ ಸರದಿ. ಇಲ್ಲಿ ವಾಲೆಸ್ ಕ್ಲೆಮೆಂಟ್ ಸೇಬಿನ್ ಎಂಬ ಅಮೆರಿಕದ ಅಧ್ಯಾಪಕನನ್ನು ನೆನೆಯಲೇಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಮೊಳಗಿ ಮೊಳಗಿ ಒಂದರ ಮೇಲೊಂದು ಬಿದ್ದು ಏನೂ ತಿಳಿಯದಂತಾಗಿತ್ತು. ೧೮೯೫ರಲ್ಲಿ ಇದನ್ನು ಸರಿಪಡಿಸುವ ಹೊಣೆ ಆ ತರುಣನ ಮೇಲೆ ಬಿತ್ತು. ಸೇಬಿನ್ ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿಯಲ್ಲಿ ಹೊರಿಸಿ ತಂದು, ಕೆಲವನ್ನು ಹಾಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಅದರ ಮೊಳಗು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುತ್ತಿದ್ದ. ಮತ್ತೆ ಕೆಲವು ದಿಂಬು, ಮತ್ತೆ ಅಳತೆ. ಬೆಳಗಾಗುವುದರೊಳಗೆ ದಿಂಬುಗಳೆಲ್ಲ ಸ್ವಸ್ಥಾನಕ್ಕೆ ಹಿಂತಿರುಗಬೇಕಾಗಿತ್ತು. ತಾನು ತೊಟ್ಟ ಬಟ್ಟೆಯೂ ಧ್ವನಿಯನ್ನು ಹೀರಿ ಅಳತೆಯನ್ನು ಕೆಡಿಸುತ್ತಿದೆಯೆಂದು ಗೊತ್ತಾದಾಗ, ಪ್ರಯೋಗಕ್ಕೆಲ್ಲ ಒಂದೇ ಉಡುಪನ್ನು ತೊಡತೊಡಗಿದನಂತೆ. ಒಂದನ್ನು ಮಾತ್ರ ಬದಲಿಸು ಎಂಬ ಸೂತ್ರವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ತರ್ಕಶಾಸ್ತ್ರಜ್ಞರಲ್ಲಿಯೂ ವಿರಳವೆಂದೇ ನನ್ನ ಅಭಿಪ್ರಾಯ. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಮಂದಿರ ಸೇಬಿನ್‌ನ ಲೆಕ್ಕದ ಮೇಲೆಯೇ ರೂಪುಗೊಂಡಿತು.

ನಮ್ಮ ಮನೆಗಳಲ್ಲಿ ದಿಂಬಿನ ಕೆಲಸವನ್ನು ಪರದೆ, ಹಾಸಿಗೆ, ಜಮಖಾನೆಗಳು ಮಾಡುತ್ತವೆ. ಒಂದು ಪಕ್ಕದಲ್ಲಿ ಗಾಜಿನ ಕಿಟಕಿ, ಇನ್ನೊಂದು ಪಕ್ಕದಲ್ಲಿ ದಪ್ಪ ಪರದೆಯಿದ್ದರೆ, ಗಾಜಿನ ಪಕ್ಕದ ಸ್ಪೀಕರು ಚುರುಕಾಗಿಯೂ ಪರದೆಯ ಪಕ್ಕದ್ದು ಮಂಕಾಗಿಯೂ ಕೇಳುವುದು ಸಹಜ. ಮೂಲೆಗೆ ಒತ್ತಿದ ಸ್ಪೀಕರಿನ ಮಂದ್ರಧ್ವನಿಯನ್ನು ಗೋಡೆಗಳು ಹಿಗ್ಗಿಸುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರ್. ಎದುರುಬದುರು ಗೋಡೆಗಳ ನಡುವೆ ೩.೪೩ ಮೀಟರ್ ಇದ್ದರೆ ೫೦ ಹರ್ಟ್ಸಿನ ಮಂದ್ರಧ್ವನಿ ಗೋಡೆಗಳ ಬಳಿ ಉಬ್ಬಿ ನಡುವೆ ಬತ್ತಿಹೋಗುತ್ತದೆ. ಒಂದೇ ಕೋಣೆಯಲ್ಲಿ ಒಬ್ಬರಿಗೆ ಎದೆ ನಡುಗಿದರೆ ಇನ್ನೊಬ್ಬರಿಗೆ ಏನೂ ಕೇಳದಿರುವುದು ಇದರಿಂದಲೇ. ಸಬ್‌ವೂಫರನ್ನು ನಾವು ಕುಳಿತುಕೊಳ್ಳುವ ಜಾಗದಲ್ಲಿಟ್ಟು, ಗೋಡೆಯುದ್ದಕ್ಕೂ ಬಗ್ಗಿ ನಡೆಯುತ್ತ ಕೇಳಿ, ಧ್ವನಿ ಎಲ್ಲಿ ಹದವಾಗಿದೆಯೋ ಅಲ್ಲಿಗೆ ಅದನ್ನು ಸಾಗಿಸುವುದು ಒಳ್ಳೆಯ ಉಪಾಯ. ನೋಡುವವರು ನಕ್ಕರೆ ನಗಲಿ.

ಕಡೆಯ ಕೊಂಡಿ ಕಿವಿ. ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ನನ್ನ ಸೋದರಮಾವ ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾರೆ. ಬಾಗಿಲ ಕಡೆಯ, ಎಂದರೆ ಅವರ ಬಲಗಡೆಯ, ಪೆಟ್ಟಿಗೆ ಸಣ್ಣಗಾಗಿದೆಯೆಂದು ಅವರು ಬ್ಯಾಲೆನ್ಸನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟಿದ್ದರು. ಹೊಸ ಸೆಟ್ಟಿಗೆ ಹದಿನೆಂಟು ಸಾವಿರ ಹೊಂದಿಸುವ ಯೋಚನೆಯಲ್ಲಿಯೂ ಇದ್ದರು. ಬ್ಯಾಲೆನ್ಸನ್ನು ನಡುವಿಗೆ ತಂದು ತಂತಿ ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ. ದೋಷ ಬಾಗಿಲ ಕಡೆಯೇ ನಿಂತಿತು. ಅದೇ ಕುರ್ಚಿಯಲ್ಲಿ ಕುಳಿತು ಕೇಳಿದರೆ ಅತ್ತೆಗೂ ನನಗೂ ಎರಡೂ ಸಮವಾಗಿಯೇ ಇದ್ದವು.

“ಮಾವ, ಒಂದು ಸಲ ಟಿವಿಗೆ ಬೆನ್ನು ಮಾಡಿ ಕೂತುಕೊಳ್ಳಿ” ಎಂದೆ.

“ಸಿನಿಮಾ ಬಿಟ್ಟು ಗೋಡೆ ನೋಡಲೇನೋ?” ಎಂದು ನಗುತ್ತಲೇ ತಿರುಗಿ ಕುಳಿತರು. ಸ್ವಲ್ಪ ಹೊತ್ತು ಕೇಳಿ, “ಇದೇನೋ ಇದು, ಈಗ ಕಿಟಕಿ ಕಡೆಯದು ಸಣ್ಣಗಾಯ್ತಲ್ಲ!” ಎಂದರು.

ಬದಲಾದದ್ದು ಅವರು ಕುಳಿತ ದಿಕ್ಕು ಒಂದೇ. ದೋಷವೂ ಅವರ ಜೊತೆಯಲ್ಲಿಯೇ ತಿರುಗಿತ್ತು. ಅತ್ತೆ ಏನೂ ಮಾತನಾಡಲಿಲ್ಲ. ಮಾವ ತಾವಾಗಿಯೇ, “ಫೋನನ್ನು ಎಡಗಿವಿಗೇ ಹಿಡಿಯುವುದು ರೂಢಿಯಾಗಿದೆ, ಯಾಕೆಂದು ಯೋಚಿಸಿರಲಿಲ್ಲ” ಎಂದರು. ಮರುವಾರ ಕಿವಿಯ ವೈದ್ಯರು ಶ್ರವಣಪರೀಕ್ಷೆ ಮಾಡಿಸಿ, ಬಲಗಿವಿಯಲ್ಲಿ ಮೇಲಿನ ಸ್ಥಾಯಿಯ ಧ್ವನಿಗಳು ಬಹಳ ಕುಂದಿವೆ, ತೆರೆದ ಕಿಟಕಿಯ ಗಾಳಿ, ಹಾರನ್ನುಗಳ ವರ್ಷಾನುಗಟ್ಟಲೆಯ ಹೊಡೆತ ಇದಕ್ಕೆ ಕಾರಣವಿರಬಹುದು, ಹೋದದ್ದು ಮರಳಿ ಬಾರದಾದರೂ ಶ್ರವಣಯಂತ್ರದಿಂದ ಅನುಕೂಲವಾದೀತು ಎಂದರು. ಕೆಲವರಲ್ಲಿ ಇದು ಬರಿಯ ಗುಗ್ಗೆಯಿಂದಲೂ ಆಗುತ್ತದೆ, ಅದನ್ನು ವೈದ್ಯರು ತೆಗೆದರಾಯಿತು. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಚಿಕಿತ್ಸೆ ಫಲಿಸುವ ಅವಧಿ ಬಹಳ ಕಡಮೆ.

ಹೊಸ ಸೆಟ್ಟು ಕೊಳ್ಳುವ ಮಾತು ನಿಂತಿತು; ಆ ಹಣವನ್ನು ಶ್ರವಣಯಂತ್ರಕ್ಕೆಂದು ಎತ್ತಿಟ್ಟಿದ್ದಾರೆ. ಬ್ಯಾಲೆನ್ಸು ನಡುವಿನಲ್ಲಿಯೇ ಉಳಿದಿದೆ, ಮಧ್ಯದ ಸ್ಪೀಕರನ್ನು ಮೂರು ಡೆಸಿಬೆಲ್ ಏರಿಸಿದ್ದೇನೆ. ಮಾವ ಈಗ ಸೋಫಾದ ಬಲತುದಿಯಲ್ಲಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಅವರ ಎಡಗಿವಿ ಪಕ್ಕದಲ್ಲಿ ಕುಳಿತ ಅತ್ತೆಯ ಕಡೆಗಿರುತ್ತದೆ.